ಉಪಚಾರವೂ ಇಚ್ಛೆಯೂ

ದೇವರ ಪೂಜೆಗೆ ಹದಿನಾರು ಉಪಚಾರಗಳೆಂದು ಸಂಪ್ರದಾಯ ಹೇಳುತ್ತದೆ. ಆವಾಹನೆ, ಆಸನ, ಪಾದ್ಯ, ಅರ್ಘ್ಯಗಳಿಂದ ಮೊದಲಾಗಿ ಸ್ನಾನ, ವಸ್ತ್ರ, ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯಗಳೆಂದು ನಡೆಯುವ ಈ ಕ್ರಮದ ಹಿಂದಿರುವ ಭಾವನೆ ಬಹಳ ಸರಳವಾದುದು. ಬಂದವರು ಯಾರು, ಅವರಿಗೆ ಪ್ರಿಯವಾದುದು ಯಾವುದು, ಯಾವ ಹೊತ್ತಿಗೆ ಏನು ಬೇಕಾದೀತು ಎಂಬುದನ್ನು ಅರಿತು ನಡೆಯುವುದೇ ಉಪಚಾರ. ಶಿವನಿಗೆ ಅಭಿಷೇಕ ಪ್ರಿಯ; ವಿಷ್ಣುವಿಗೆ ಅಲಂಕಾರ ಪ್ರಿಯ. ಗಣಪತಿಗೆ ಗರಿಕೆಯೂ ಮೋದಕವೂ ಬೇಕು, ತುಳಸಿ ಸಲ್ಲದು. ವಿಷ್ಣುವಿಗಾದರೋ ತುಳಸಿಯಿಲ್ಲದೆ ಪೂಜೆ ಪೂರ್ಣವಾಗದು. ಶಿವನಿಗೆ ಬಿಲ್ವ ಶ್ರೇಷ್ಠ, ಕೇದಗೆ ವರ್ಜ್ಯ. ದೇವರೊಬ್ಬನೇ ಎಂದು ನಂಬಿದ ಜನರೇ ಎಲ್ಲ ದೇವರಿಗೂ ಒಂದೇ ಹೂವನ್ನು ಏರಿಸುವುದಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ದಿನಚರಿಯ ವಿಷಯದಲ್ಲಿಯೂ ಹೀಗೆಯೇ. ಉಡುಪಿಯ ಶ್ರೀಕೃಷ್ಣನಿಗೆ ಬೆಳಗಿನ ಜಾವದ ನಿರ್ಮಾಲ್ಯ ವಿಸರ್ಜನೆಯಿಂದ ರಾತ್ರಿಯ ಏಕಾಂತ ಸೇವೆಯವರೆಗೆ ದಿನಕ್ಕೆ 14 ಪೂಜೆಗಳ ಕ್ರಮವಿದೆ. ಪಂಢರಪುರದ ವಿಠ್ಠಲನನ್ನು ಕಾಕಡಾರತಿಯಿಂದ ಎಬ್ಬಿಸಿ ಶೇಜಾರತಿಯಿಂದ ಮಲಗಿಸುತ್ತಾರೆ. ನವರಾತ್ರಿಯಲ್ಲಿ ದೇವಿಗೆ ದಿನಕ್ಕೊಂದು ಅಲಂಕಾರ. ನೈವೇದ್ಯದ ಹೊತ್ತಿಗೆ ಗರ್ಭಗುಡಿಗೆ ತೆರೆ ಎಳೆಯುತ್ತಾರೆ. ಉಣ್ಣುವಾಗ ಪರರ ದೃಷ್ಟಿ ಬೀಳಬಾರದೆಂಬ ಮರ್ಯಾದೆ ಅದು. ವಿಗ್ರಹವು ಬೇಕು, ಬೇಡ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಅದರ ಇಷ್ಟಾನಿಷ್ಟಗಳನ್ನು ಭಕ್ತಕುಲವು ತಲೆತಲಾಂತರದಿಂದ ನೆನಪಿಟ್ಟುಕೊಂಡು ಬಂದಿದೆ.

ತಾಯಿಯನ್ನೂ ತಂದೆಯನ್ನೂ ಗುರುವನ್ನೂ ಅತಿಥಿಯನ್ನೂ ದೇವರೆಂದು ಭಾವಿಸಬೇಕೆಂದು ತೈತ್ತಿರೀಯೋಪನಿಷತ್ತು ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಬೋಧಿಸುತ್ತದೆ. ಹಾಗಾದರೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ವೃದ್ಧರಾದ ತಾಯಿತಂದೆಯರಿಗೆ ಅನ್ನ, ವಸ್ತ್ರ, ಔಷಧ, ಹಾಸಿಗೆಗಳನ್ನು ಒದಗಿಸಿದೊಡನೆ ಉಪಚಾರ ಪೂರ್ಣವಾಯಿತೇ? ಅಥವಾ ಆ ಅನ್ನ ಯಾವ ಹೊತ್ತಿಗೆ, ಆ ಸ್ನಾನ ಯಾವ ಬಗೆಯಲ್ಲಿ, ಆ ನಿದ್ರೆ ಎಷ್ಟು ಗಂಟೆಗೆ ಎಂದು ಅವರನ್ನೇ ಕೇಳುವುದೂ ಉಪಚಾರದ ಅಂಗವೇ?

ಮಹಾನಗರದಲ್ಲಿ ನೆಲೆಸಿದ ಕನ್ನಡಿಗನಿಗೆ ಇದು ಒಣ ತರ್ಕದ ಪ್ರಶ್ನೆಯಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ. ಮಗ ಮುಂಬಯಿಯಲ್ಲಿ, ಮಗಳು ಪರದೇಶದಲ್ಲಿ, ಊರಿನ ಮನೆಗೆ ಬೀಗ, ನಗರದಲ್ಲಿ ಎರಡು ಕೋಣೆಗಳ ವಾಸ, ಗಂಡಹೆಂಡಿರಿಬ್ಬರಿಗೂ ಉದ್ಯೋಗ. ಇಂಥ ಸಂಸಾರಗಳಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ಹಗಲಿರುಳು ನೋಡಿಕೊಳ್ಳುವುದು ದುಸ್ತರ. ಬೆಂಗಳೂರು, ಮೈಸೂರು, ಪುಣೆಗಳ ಆಸುಪಾಸಿನ ವೃದ್ಧಾಶ್ರಮಗಳಿಗೆ ಹಿರಿಯರನ್ನು ಸೇರಿಸಿದವರೆಲ್ಲ ಕರ್ತವ್ಯಭ್ರಷ್ಟರೆಂದು ತೀರ್ಪು ಕೊಡುವುದು ಸುಲಭ; ನ್ಯಾಯವಲ್ಲ. ಎಷ್ಟೋ ಸಲ ಅದು ಪ್ರೀತಿಯಿಂದಲೇ, ಕಣ್ಣೀರಿನೊಂದಿಗೇ ಕೈಗೊಂಡ ತೀರ್ಮಾನವಾಗಿರುತ್ತದೆ. ಆದುದರಿಂದ ಎಲ್ಲಿ ಇರಿಸಿದರು ಎಂಬುದಕ್ಕಿಂತ ಅಲ್ಲಿ ಅವರ ದಿನ ಯಾರದಾಗಿ ಉಳಿಯಿತು ಎಂಬುದನ್ನು ವಿಚಾರಿಸುವುದು ಹೆಚ್ಚು ಪ್ರಯೋಜನಕಾರಿ.

ಒಂದು ಒಳ್ಳೆಯ ವೃದ್ಧಾಶ್ರಮವನ್ನೇ ಕಲ್ಪಿಸಿಕೊಳ್ಳಬಹುದು. ನೆಲ ಸ್ವಚ್ಛ, ಊಟ ಶುಚಿ, ವೈದ್ಯರು ತಪ್ಪದೆ ಬರುತ್ತಾರೆ. ಬೆಳಗ್ಗೆ ಆರಕ್ಕೆ ಗಂಟೆ ಬಾರಿಸಿ ಎಲ್ಲರನ್ನೂ ಎಬ್ಬಿಸುತ್ತಾರೆ. ಆರೂವರೆಗೆ ಹಾಲು ಸಕ್ಕರೆ ಬೆರೆಸಿ ಕುದಿಸಿದ ಚಹಾ, ಎಂಟಕ್ಕೆ ತಿಂಡಿ, ಸರದಿಯ ಪ್ರಕಾರ ಹತ್ತರ ಮೇಲೆ ಸ್ನಾನ, ಸಂಜೆ ಆರೂವರೆಗೆ ರಾತ್ರಿಯ ಊಟ, ಎಂಟೂವರೆಗೆ ದೀಪ ಆರಿಸುವುದು. ಇಲ್ಲಿ ಯಾರ ತಪ್ಪೂ ಕಾಣುವುದಿಲ್ಲ. ಆದರೆ ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ಏನನ್ನೂ ಹಾಕದೆ ಎಂಬತ್ತು ವರ್ಷ ಬಾಳಿದ ಹಿರಿಯರೊಬ್ಬರು ಅಲ್ಲಿದ್ದರೆ? ತಿಂಡಿ ಎಂಟಕ್ಕೆ, ಸ್ನಾನ ಹತ್ತಕ್ಕೆ. ಅವರು ನೇಮ ಬಿಡಬೇಕು, ಇಲ್ಲವೇ ಹಸಿದಿರಬೇಕು. ಸೂರ್ಯಾಸ್ತದ ನಂತರ ಉಣ್ಣದ ಜೈನ ಹಿರಿಯರಿಗೆ ಹಗಲು ದೀರ್ಘವಾದ ತಿಂಗಳುಗಳಲ್ಲಿ ಬೇಗನೆಯ ಆ ಊಟ ಅನುಕೂಲವೇ. ಆದರೆ ಆಯುಷ್ಯವೆಲ್ಲ ರಾತ್ರಿ ಒಂಬತ್ತರ ಪಾಳಿ ಮುಗಿಸಿ ಉಂಡ ಗಿರಣಿ ಕಾರ್ಮಿಕನಿಗೆ ನಡುರಾತ್ರಿಯ ಹಸಿವು ತಪ್ಪದು. ಒಂದೇ ಗಂಟೆಯ ಸದ್ದು ಒಬ್ಬರಿಗೆ ವರ, ಇನ್ನೊಬ್ಬರಿಗೆ ಶಿಕ್ಷೆ. ವಿಜಾಪುರದ ತಾಯಿಗೆ ಜೋಳದ ರೊಟ್ಟಿ ಬೇಕು, ಮಂಡ್ಯದವರಿಗೆ ಮುದ್ದೆ, ಮೈಸೂರಿನವರಿಗೆ ಬೆಳಗಿನ ಕಾಫಿ. ಇವೆಲ್ಲ ಚಿಕ್ಕ ಸಂಗತಿಗಳೆಂದು ಹೇಳುವವರಿಗೆ ಒಂದೇ ಉತ್ತರ: ಹೊಲ, ಮನೆ, ಅಧಿಕಾರ, ಸಂಗಾತಿ ಎಲ್ಲವನ್ನೂ ಕಳೆದುಕೊಂಡವರ ಪಾಲಿಗೆ ಉಳಿಯುವುದು ಚಿಕ್ಕ ಸಂಗತಿಗಳೇ.

ಇದು ಕ್ರೌರ್ಯದಿಂದ ಹುಟ್ಟಿದ ವ್ಯವಸ್ಥೆಯಲ್ಲವೆಂಬುದನ್ನು ಒಪ್ಪಬೇಕು. ಹತ್ತು ಜನ ಆಯಾಗಳು ಅರವತ್ತು ಜನರನ್ನು ನೋಡಿಕೊಳ್ಳಬೇಕಾದಲ್ಲಿ ಗಂಟೆಯ ಆಳ್ವಿಕೆ ತಾನಾಗಿ ಬರುತ್ತದೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್ಮನ್ 1961ರಲ್ಲಿ ಪ್ರಕಟಿಸಿದ ‘ಅಸೈಲಮ್ಸ್’ ಎಂಬ ಗ್ರಂಥದಲ್ಲಿ ಸೆರೆಮನೆ, ಮಾನಸಿಕ ಆಸ್ಪತ್ರೆ, ಸೈನ್ಯದ ಬಿಡಾರಗಳೊಂದಿಗೆ ವೃದ್ಧರ ನಿಲಯಗಳನ್ನೂ ಒಂದೇ ಗುಂಪಿಗೆ ಸೇರಿಸಿದನು. ಉದ್ದೇಶಗಳು ಬೇರೆಯಾದರೂ, ಎಲ್ಲರೂ ಒಂದೇ ಸೂರಿನಡಿ, ಒಂದೇ ವೇಳೆಗೆ, ಗುಂಪುಗುಂಪಾಗಿ, ಮೇಲಿನವರು ಗೊತ್ತುಮಾಡಿದ ಪಟ್ಟಿಯಂತೆ ಬದುಕುವುದು ಇವುಗಳ ಸಮಾನ ಲಕ್ಷಣವೆಂದು ತೋರಿಸಿದನು. ರಕ್ಷಿಸಲು ಕಟ್ಟಿದ ಮನೆಯೂ ಶಿಕ್ಷಿಸಲು ಕಟ್ಟಿದ ಮನೆಯೂ ದಿನಚರಿಯಲ್ಲಿ ಒಂದನ್ನೊಂದು ಹೋಲುವುದಾದರೆ, ಕಟ್ಟಿದವರು ಒಮ್ಮೆ ನಿಂತು ಯೋಚಿಸಬೇಕಾಗುತ್ತದೆ.

ಇಚ್ಛೆಯನ್ನು ಕೇಳುವುದರಿಂದ ಆಗುವ ಲಾಭವಾದರೂ ಏನು? ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಒಂದು ವೃದ್ಧರ ನಿಲಯದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ವಿದುಷಿಯರು ನಡೆಸಿದ ಪರೀಕ್ಷೆಯೊಂದು 1976ರಲ್ಲಿ ಪ್ರಕಟವಾಯಿತು. ಒಂದು ಮಹಡಿಯವರಿಗೆ, ನಿಮ್ಮ ಕೋಣೆಯ ವ್ಯವಸ್ಥೆ ನಿಮ್ಮದೇ ಹೊಣೆ ಎಂದು ಹೇಳಿ, ಬೇಕಾದ ಪುಟ್ಟ ಗಿಡವೊಂದನ್ನು ಅವರೇ ಆರಿಸಿಕೊಂಡು ನೀರೆರೆಯುವಂತೆ ಮಾಡಿದರು; ಚಲನಚಿತ್ರವನ್ನು ಯಾವ ರಾತ್ರಿ ನೋಡುವುದೆಂಬ ಆಯ್ಕೆಯನ್ನೂ ಬಿಟ್ಟುಕೊಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಚಿತ್ರ ತೋರಿಸಿದರು. ಆದರೆ ಗಿಡಕ್ಕೆ ದಾದಿ ನೀರೆರೆದಳು, ದಿನವನ್ನು ನಿಲಯದವರು ಗೊತ್ತುಮಾಡಿದರು. ಕೆಲವೇ ವಾರಗಳಲ್ಲಿ ಮೊದಲನೆಯವರು ಹೆಚ್ಚು ಚುರುಕಾಗಿಯೂ ಸಂತೋಷವಾಗಿಯೂ ಇರುವುದು ಕಂಡುಬಂದಿತು. ಹದಿನೆಂಟು ತಿಂಗಳ ನಂತರದ ಲೆಕ್ಕದಲ್ಲಿ ಮೊದಲ ಗುಂಪಿನ 47 ಮಂದಿಯಲ್ಲಿ 7 ಮಂದಿಯೂ ಎರಡನೆಯ ಗುಂಪಿನ 44 ಮಂದಿಯಲ್ಲಿ 13 ಮಂದಿಯೂ ತೀರಿಕೊಂಡಿದ್ದರು. ಸಂಖ್ಯೆಗಳು ಚಿಕ್ಕವು, ಇದೊಂದರ ಮೇಲೆಯೇ ಸಿದ್ಧಾಂತ ಕಟ್ಟುವುದು ಸರಿಯಲ್ಲ. ಆದರೂ ಗಿಡ ಎರಡು ಕಡೆಯೂ ಇದ್ದಿತು, ಚಿತ್ರವೂ ಇದ್ದಿತು. ವ್ಯತ್ಯಾಸವಿದ್ದುದು ಕೇಳಿದುದರಲ್ಲಿ ಮತ್ತು ಒಪ್ಪಿಸಿದುದರಲ್ಲಿ.

ಅದೇ ಕಾಲದ ಮತ್ತೊಂದು ಪರೀಕ್ಷೆ ಎಚ್ಚರಿಕೆಯ ಪಾಠವನ್ನೂ ಹೇಳುತ್ತದೆ. ರಿಚರ್ಡ್ ಷುಲ್ಜ್ ಎಂಬ ವಿದ್ವಾಂಸನು ವಿದ್ಯಾರ್ಥಿಗಳನ್ನು ವೃದ್ಧರ ಭೇಟಿಗೆ ಕಳುಹಿಸಿದನು. ಯಾವಾಗ ಬರಬೇಕು, ಎಷ್ಟು ಹೊತ್ತು ಇರಬೇಕು ಎಂದು ಹೇಳುವ ಅವಕಾಶವಿದ್ದವರೂ, ಬರುವ ವೇಳೆಯನ್ನು ಮೊದಲೇ ತಿಳಿದಿದ್ದವರೂ ಆ ಅವಧಿಯಲ್ಲಿ ಇತರರಿಗಿಂತ ಗೆಲುವಾಗಿದ್ದರು. ಆದರೆ ಪರೀಕ್ಷೆ ಮುಗಿದು ಭೇಟಿಗಳು ನಿಂತ ಮೇಲೆ ಅವರೇ ಹೆಚ್ಚು ಕುಗ್ಗಿದರೆಂದು 1978ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನ ತಿಳಿಸಿತು. ಕೊಟ್ಟು ಕಿತ್ತುಕೊಂಡ ಸ್ವಾತಂತ್ರ್ಯವು ಕೊಡದೆ ಇದ್ದುದಕ್ಕಿಂತಲೂ ಕಠೋರ. ಹಿರಿಯರ ಇಚ್ಛೆಯನ್ನು ಮನ್ನಿಸುವುದು ಒಂದು ದಿನದ ಹಬ್ಬದೂಟವಲ್ಲ, ನಿತ್ಯಾನುಷ್ಠಾನವೆಂದು ಇದರಿಂದ ತಿಳಿಯಬೇಕು.

ಈ ತತ್ತ್ವವನ್ನು ತಿಳಿಯಲು ಸಮುದ್ರ ದಾಟಬೇಕಾಗಿಲ್ಲ. ಮಹಾಭಾರತದ ಭೀಷ್ಮಪರ್ವದಲ್ಲಿಯೇ ಅದು ಇದೆ. ಹತ್ತನೆಯ ದಿನದ ಯುದ್ಧದಲ್ಲಿ ಶರಶಯ್ಯೆಯ ಮೇಲೆ ಬಿದ್ದ ಪಿತಾಮಹನ ತಲೆ ಆಧಾರವಿಲ್ಲದೆ ಜೋತುಬಿದ್ದಿತು. ತಲೆಗೆ ದಿಂಬು ಬೇಕೆಂದನು. ರಾಜರುಗಳೆಲ್ಲ ಓಡಿಹೋಗಿ ಮೃದುವಾದ, ಬೆಲೆಬಾಳುವ ದಿಂಬುಗಳನ್ನು ತಂದರು. ಈ ಹಾಸಿಗೆಗೆ ಇವು ತಕ್ಕುವಲ್ಲವೆಂದು ಭೀಷ್ಮನು ನಕ್ಕುಬಿಟ್ಟನು. ತಂದವರಿಗೆ ಭಕ್ತಿಯ ಕೊರತೆಯಿರಲಿಲ್ಲ. ತಮಗೆ ಸುಖವೆನಿಸಿದುದನ್ನು ಅವರು ತಂದಿದ್ದರು. ಅರ್ಜುನನಾದರೋ ಕಣ್ಣೀರು ತುಂಬಿಕೊಂಡು, ಅಪ್ಪಣೆಯೇನೆಂದು ಕೇಳಿದನು. ಕೇಳಿ, ತಿಳಿದು, ಮೂರು ಬಾಣಗಳನ್ನು ನೆಟ್ಟು ತಲೆಗೆ ಆಧಾರವಿತ್ತನು. ಮರುದಿನ ನೀರು ಬೇಕೆಂದಾಗಲೂ ಹಾಗೆಯೇ. ರಾಜರು ಭಕ್ಷ್ಯಗಳನ್ನೂ ತಣ್ಣೀರಿನ ಕೊಡಗಳನ್ನೂ ತಂದರು, ಅರ್ಜುನನು ಅಜ್ಜನ ಮನಸ್ಸನ್ನರಿತು ನೆಲದಿಂದ ನೀರು ಚಿಮ್ಮಿಸಿದನು. ನಡುವೆ ದುರ್ಯೋಧನನು ನುರಿತ ಶಸ್ತ್ರವೈದ್ಯರನ್ನು ಕರೆತಂದಿದ್ದನು. ಅವರಿಗೆ ತಕ್ಕ ಸಂಭಾವನೆ ಕೊಟ್ಟು ಕಳುಹಿಸಿಬಿಡು ಎಂದು ಭೀಷ್ಮನು ಹೇಳಿದಾಗ ಆ ಮಾತು ನಡೆಯಿತು. ಹಟಮಾರಿ ದುರ್ಯೋಧನನೂ ಆ ಗಳಿಗೆಯಲ್ಲಿ ಮುದುಕನ ಮಾತನ್ನು ಮೀರಲಿಲ್ಲ.

ಇಲ್ಲಿ ಆಸ್ತಿಕರೊಬ್ಬರು ಆಕ್ಷೇಪಿಸಬಹುದು. ವೃದ್ಧಾಪ್ಯವು ಆಸೆಗಳನ್ನು ಬಿಡತಕ್ಕ ಕಾಲ. ವಾನಪ್ರಸ್ಥವನ್ನು ಹೇಳಿದ ಧರ್ಮದಲ್ಲಿ ಮುದುಕರ ನಾಲಗೆಯ ಚಪಲವನ್ನು ಪೋಷಿಸುವುದೇಕೆ? ಆರಕ್ಕೆ ಏಳಲಿ, ಕೊಟ್ಟುದನ್ನು ಉಣ್ಣಲಿ, ಅದೇ ಅವರಿಗೆ ತಪಸ್ಸಾಗಲಿ. ಈ ವಾದವು ಮೇಲ್ನೋಟಕ್ಕೆ ಘನವಾಗಿ ಕಾಣುತ್ತದೆ. ಆದರೆ ತ್ಯಾಗವೆಂಬುದು ತ್ಯಜಿಸುವವನ ಕ್ರಿಯೆ. ತನ್ನದೆಂಬುದು ಇದ್ದಾಗ, ಬಿಡದೆ ಇರಬಹುದೆಂಬ ಅವಕಾಶವೂ ಇದ್ದಾಗ, ಬಿಟ್ಟುದು ತ್ಯಾಗ. ಏಕಾದಶಿಯ ದಿನ ಉಪವಾಸವಿದ್ದ ತಾಯಿಗೆ ಪುಣ್ಯವಿದೆ. ಅದೇ ತಾಯಿಗೆ ಅನ್ಯರು ಊಟ ತಪ್ಪಿಸಿದರೆ ಪುಣ್ಯ ಯಾರಿಗೂ ಇಲ್ಲ, ಪಾಪ ಮಾತ್ರ ಒಬ್ಬರಿಗಿದೆ. ಕಾಫಿಯನ್ನು ಬಿಡುವ ಅಧಿಕಾರ ಅಜ್ಜನಿಗೆ ಇರಬೇಕಾದರೆ ಕಾಫಿಯನ್ನು ಕೇಳುವ ಅಧಿಕಾರವೂ ಇರಬೇಕು.

ಕಠೋಪನಿಷತ್ತಿನ ಶ್ರೇಯಸ್ಸು ಪ್ರೇಯಸ್ಸುಗಳ ವಿಚಾರವನ್ನೂ ಈ ಬೆಳಕಿನಲ್ಲಿ ನೋಡಬೇಕು. ಹಿತವಾದುದು ಬೇರೆ, ಪ್ರಿಯವಾದುದು ಬೇರೆ, ಹಿರಿಯರಿಗೆ ಹಿತವಾದುದನ್ನು ಸಂಸ್ಥೆ ಬಲ್ಲದು ಎಂದು ಹೇಳುವವರಿದ್ದಾರೆ. ಆದರೆ ಆ ಎರಡೂ ಮನುಷ್ಯನ ಮುಂದೆಯೇ ಬರುತ್ತವೆ, ವಿವೇಕಿಯಾದವನು ತಾನೇ ಪರಿಶೀಲಿಸಿ ಆರಿಸಿಕೊಳ್ಳುತ್ತಾನೆ ಎಂಬುದೇ ಅಲ್ಲಿಯ ಬೋಧೆ. ಅವನ ಪರವಾಗಿ ಮತ್ತೊಬ್ಬರು ಆರಿಸಿಕೊಡಬೇಕೆಂದು ಯಮಧರ್ಮನು ಹೇಳಲಿಲ್ಲ. ಮೂರು ರಾತ್ರಿ ಹಸಿದು ಬಾಗಿಲಲ್ಲಿ ಕಾದ ಹುಡುಗನಿಗೆ ಮೃತ್ಯುದೇವತೆಯೇ ನಮಸ್ಕರಿಸಿ, ಮೂರು ವರಗಳನ್ನು ಕೇಳಿಕೋ ಎಂದನು; ಆನೆ, ಕುದುರೆ, ಚಿನ್ನ, ದೀರ್ಘಾಯುಷ್ಯಗಳನ್ನು ಮುಂದಿಟ್ಟು, ಬೇಡವೆಂದಾಗ ಬೇಡವೆಂಬುದನ್ನೂ ಮನ್ನಿಸಿದನು. ನಚಿಕೇತನ ಮೊದಲ ವರವೇ ತಂದೆಯ ಮನಶ್ಶಾಂತಿ ಎಂಬುದನ್ನು ಮರೆಯಬಾರದು. ಮೃತ್ಯುವೇ ಬಂದವನ ಇಚ್ಛೆ ಕೇಳಿದನೆಂದ ಮೇಲೆ, ಮೃತ್ಯುವಿನ ಬಾಗಿಲ ಬಳಿ ಬಂದು ನಿಂತವರ ಇಚ್ಛೆಯನ್ನು ಕೇಳದೆ ಇರಲು ಮನುಷ್ಯನಿಗೆ ಯಾವ ಅಧಿಕಾರವಿದೆ?

ಇಚ್ಛೆಗೆ ಮಿತಿಯೇ ಇಲ್ಲವೆಂದು ಇದರ ಅರ್ಥವಲ್ಲ. ನಡುರಾತ್ರಿ ಗಟ್ಟಿಯಾಗಿ ಭಜನೆ ಮಾಡಬೇಕೆಂಬ ಒಬ್ಬರ ಇಷ್ಟವು ಪಕ್ಕದ ಹಾಸಿಗೆಯವರ ನಿದ್ರೆಯನ್ನು ಕೆಡಿಸಬಾರದು. ಮರೆವಿನ ರೋಗವುಳ್ಳವರನ್ನು ಒಂಟಿಯಾಗಿ ರಸ್ತೆಗೆ ಬಿಡಲಾಗದು. ಮಧುಮೇಹವುಳ್ಳ ಹಿರಿಯರು ಹಬ್ಬದ ದಿನ ಹೋಳಿಗೆ ಕೇಳಿದರೆ, ಅಪಾಯವನ್ನು ತಿಳಿಯಹೇಳಿ, ವೈದ್ಯರೊಡನೆ ವಿಚಾರಿಸಿ, ಎಷ್ಟು ಸಾಧ್ಯವೆಂದು ಅವರೊಂದಿಗೇ ಗೊತ್ತುಮಾಡಬೇಕು. ಅವರನ್ನು ಬಿಟ್ಟು ಅವರ ಬಗ್ಗೆ ತೀರ್ಮಾನಿಸುವುದು ಮಾತ್ರ ಸಲ್ಲದು. ಖರ್ಚಿನ ಮಾತೂ ನಿಜವೇ. ಹೊತ್ತುಹೊತ್ತಿಗೆ ಬೇರೆ ಬೇರೆ ಅಡಿಗೆ ಮಾಡಲು ಕೈಗಳು ಬೇಕು, ರಾತ್ರಿ ಎಚ್ಚರವಿರುವವರಿಗೆ ಸಂಬಳ ಬೇಕು. ಇದನ್ನು ಬಯಸುವ ಮಕ್ಕಳು ಅದರ ಬೆಲೆ ತೆರಲೂ ಸಿದ್ಧರಾಗಬೇಕು. ಆದರೆ ತಿಂಡಿಯನ್ನು ಎಂಟಕ್ಕೆಂದು ಕಟ್ಟಿಹಾಕದೆ ಏಳರಿಂದ ಒಂಬತ್ತರವರೆಗೆ ಇಡುವುದಕ್ಕೆ, ಪೂಜೆಯ ನೇಮವುಳ್ಳವರ ಸ್ನಾನವನ್ನು ಮೊದಲಿಗೆ ಹಾಕುವುದಕ್ಕೆ, ಕೋಣೆಗೆ ಹೋಗುವ ಮುನ್ನ ಬಾಗಿಲು ತಟ್ಟುವುದಕ್ಕೆ, ಮೈ ತೊಳೆಯುವಾಗ ಪರದೆ ಎಳೆಯುವುದಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಗರ್ಭಗುಡಿಯ ಮೂರ್ತಿಗೆ ತೆರೆ ಎಳೆದವರಿಗೆ ತಾಯಿಯ ಮೈಗೆ ತೆರೆ ಬೇಕೆಂದು ಹೇಳಿಕೊಡಬೇಕೇ?

ಕಾನೂನುಗಳೂ ನಿಧಾನವಾಗಿ ಈ ದಿಕ್ಕಿನಲ್ಲಿ ನಡೆದಿವೆ. ಅಮೆರಿಕದಲ್ಲಿ 1987ರ ಸುಧಾರಣಾ ಶಾಸನವು ವೃದ್ಧರ ನಿಲಯಗಳಲ್ಲಿ ನಿವಾಸಿಯ ಅಗತ್ಯಗಳಿಗೂ ಇಷ್ಟಗಳಿಗೂ ಹೊಂದಿಕೊಳ್ಳಬೇಕೆಂದು ವಿಧಿಸಿತು. 2016ರಲ್ಲಿ ಪರಿಷ್ಕೃತವಾದ ನಿಯಮಗಳು ಮಲಗುವ ಮತ್ತು ಏಳುವ ವೇಳೆಯನ್ನು ಆರಿಸಿಕೊಳ್ಳುವುದೂ ಹಕ್ಕೆಂದು ಹೆಸರಿಸಿಯೇ ಹೇಳಿದವು. ಭಾರತದಲ್ಲಿ 2007ರ ತಾಯಿತಂದೆಯರ ಮತ್ತು ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮದ 19ನೆಯ ಕಲಮು, ಜಿಲ್ಲೆಗೊಂದರಂತೆ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರಗಳು ಸ್ಥಾಪಿಸಬಹುದೆಂದು ಹೇಳುತ್ತದೆ. ಆ ಕಲಮಿನಲ್ಲಿ ವೈದ್ಯಕೀಯ ಸೇವೆಯ ಮಾತಿದೆ, ಮನೋರಂಜನೆಯ ಮಾತಿದೆ. ಏಳುವ ಹೊತ್ತಿನ ಮಾತಿಲ್ಲ. ಕಾನೂನು ಬರೆಯದೆ ಬಿಟ್ಟುದನ್ನು ಧರ್ಮವು ತುಂಬಿಕೊಡಬೇಕು.

ಮಾತಾಡಲಾರದವರ ಪಾಡೇನು? ಮರೆವು ಕವಿದಂತೆ, ನಗರದಲ್ಲಿ ಕಲಿತ ಮರಾಠಿ, ಹಿಂದಿ, ಇಂಗ್ಲಿಷುಗಳೆಲ್ಲ ಹಿಂದೆ ಸರಿದು ತಾಯ್ನುಡಿಯೊಂದೇ ಉಳಿಯುವುದನ್ನು ಎಷ್ಟೋ ಮನೆಗಳು ಕಂಡಿವೆ. ಆಯಾಗೆ ಕನ್ನಡ ಬಾರದು, ಅಜ್ಜಿಗೆ ಬೇರೆ ನುಡಿ ಉಳಿದಿಲ್ಲ. ಆಗ ಆಕೆಯ ಬಿಸಿನೀರಿನ ಬಯಕೆಯೂ ರಚ್ಚೆಯೆನಿಸುತ್ತದೆ, ಸ್ನಾನ ಬೇಡವೆಂದುದು ಹುಚ್ಚೆನಿಸುತ್ತದೆ. ಇಲ್ಲಿ ಮಕ್ಕಳು ಮಾಡಬಹುದಾದ ಸೇವೆ ದೊಡ್ಡದು. ತಾಯಿ ಎಷ್ಟು ಹೊತ್ತಿಗೆ ಏಳುತ್ತಿದ್ದಳು, ಯಾವ ದೇವರಿಗೆ ಯಾವ ದಿನ ನೇಮ, ಅನ್ನಕ್ಕೆ ಮೊಸರೋ ಮಜ್ಜಿಗೆಯೋ, ಯಾವ ಹಾಡು ಕೇಳಿದರೆ ಶಾಂತಳಾಗುತ್ತಾಳೆ, ಏನೆಂದು ಕರೆದರೆ ಓಗೊಡುತ್ತಾಳೆ, ನೀರು ಬೇಕಾದಾಗ ಏನನ್ನುತ್ತಾಳೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಅಲ್ಲಿಯವರ ಭಾಷೆಯಲ್ಲಿಯೂ ಬರೆಯಿಸಿ, ಹಾಸಿಗೆಯ ಬಳಿ ಇಡಬಹುದು. ಬಾಯಿಲ್ಲದ ಮೂರ್ತಿಯ ಇಷ್ಟವನ್ನು ಪೂಜಾಪದ್ಧತಿ ನೆನಪಿಟ್ಟುಕೊಂಡಂತೆ, ಬಾಯಿ ಸೋತ ತಾಯಿಯ ಇಷ್ಟವನ್ನು ಆ ಹಾಳೆ ನೆನಪಿಟ್ಟುಕೊಳ್ಳುತ್ತದೆ. ಅದನ್ನು ಬರೆಯಲು ಕುಳಿತ ಮಗನಿಗೆ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರ ತಿಳಿಯದಿದ್ದರೆ, ಅದೂ ತಕ್ಕ ಪಾಠವೇ. ತಾಯಿಗೆ ಮಾತಿರುವಾಗಲೇ ಕೇಳಿ ತಿಳಿಯಬೇಕು.

ವೃದ್ಧಾಶ್ರಮವೆಂದರೆ ಊರ ಹೊರಗಿನ ಕಟ್ಟಡವೆಂದೇ ತಿಳಿಯಬೇಕಾಗಿಲ್ಲ. ನಲ್ಲಿಯ ನೀರು, ಮೊಮ್ಮಕ್ಕಳ ಶಾಲೆಯ ಬಸ್ಸು, ಸೊಸೆಯ ಲೋಕಲ್ ರೈಲು ಇವುಗಳ ವೇಳೆಗೆ ತಕ್ಕಂತೆ ಎದ್ದು, ತೊಳೆದು, ಉಂಡು, ಮೂಲೆ ಸೇರುವ ಹಿರಿಯರು ಮಕ್ಕಳ ಮನೆಯಲ್ಲಿಯೂ ಇದ್ದಾರೆ. ಅಲ್ಲಿ ಗಂಟೆ ಬಾರಿಸುವುದಿಲ್ಲ. ಆದರೆ ಗಂಟೆಯ ಆಳ್ವಿಕೆ ಅಲ್ಲಿಯೂ ಇದೆ. ಸಂಸಾರದ ಒತ್ತಡದಲ್ಲಿ ಎಲ್ಲವನ್ನೂ ಬದಲಿಸಲಾಗದು. ದಿನದ ಒಂದು ಗಂಟೆಯನ್ನಾದರೂ ಅವರ ಇಚ್ಛೆಗೆ ಬಿಡುವುದು ಯಾವ ಮನೆಗೂ ಭಾರವಾಗಲಾರದು.

ಹಬ್ಬಹರಿದಿನಗಳಲ್ಲಿ ಸಂಘಸಂಸ್ಥೆಗಳು ವೃದ್ಧಾಶ್ರಮಗಳಿಗೆ ಹಣ್ಣುಹಂಪಲು ಹಂಚುವುದು ಮೆಚ್ಚತಕ್ಕ ರೂಢಿ. ಆದರೆ ಮಧ್ಯಾಹ್ನದ ನಿದ್ರೆ ಕೆಡಿಸಿ ಹಿರಿಯರನ್ನು ಸಾಲಾಗಿ ಕೂರಿಸಿ, ಎರಡು ಹಾಡು ಹಾಡಿ, ಛಾಯಾಚಿತ್ರ ತೆಗೆದುಕೊಂಡು ಮುಂದಿನ ವರ್ಷದವರೆಗೆ ಮರೆತುಬಿಟ್ಟರೆ ಅದು ಉಪಚಾರವಾಗದು. ಕನ್ನಡ ಬಲ್ಲ ಇಬ್ಬರು ಸದಸ್ಯರು, ಯಾವ ದಿನ ಬರಲೆಂದು ಕೇಳಿ, ಹೇಳಿದ ದಿನವೇ ಹೋಗಿ, ವರ್ಷವಿಡೀ ತಪ್ಪದೆ ಹೋಗುವುದಾದರೆ ಅದಕ್ಕೆ ಹಣ್ಣಿನ ಬುಟ್ಟಿಯೂ ಬೇಕಾಗದು.

ವಿಜಯದಶಮಿಯ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಹಿರಿಯರ ಕೈಗಿತ್ತು ಪಾದ ಮುಟ್ಟುವ ಪದ್ಧತಿ ಕನ್ನಡ ನಾಡಿನ ಉತ್ತರ ಭಾಗದಲ್ಲಿ ಇಂದಿಗೂ ನಡೆದುಬಂದಿದೆ, ಮಹಾರಾಷ್ಟ್ರದಲ್ಲಿಯೂ ಇದೆ. ಎಲೆಯ ಬೆಲೆ ಏನೂ ಇಲ್ಲ. ಕೊಡುವ ಭಾವದಲ್ಲಿಯೇ ಅದರ ಚಿನ್ನವಿದೆ. ಈ ದಸರೆಯಲ್ಲಿ ಬನ್ನಿ ಕೊಟ್ಟು ನಮಸ್ಕರಿಸಿದ ಕೈಗಳು ಅರ್ಜುನನಂತೆ ಒಂದು ಮಾತನ್ನೂ ಕೇಳಲಿ: ಅಪ್ಪಣೆಯೇನು? ನಾಳೆ ಎಷ್ಟು ಹೊತ್ತಿಗೆ ಏಳುವಿರಿ, ಏಳುತ್ತಲೇ ಏನು ಬೇಕು? ಹೇಳಿದುದನ್ನು ಮರುದಿನವೂ, ಅದರ ಮರುದಿನವೂ ನಡೆಸಿಕೊಡುವ ಮನೆಯಲ್ಲಿ ಹದಿನಾರು ಉಪಚಾರಗಳೂ ಸಂದಂತೆಯೇ.